ಕೂದಲು ಬೆಳೆದ ಗೆರಟೆಗಳು

ಐರೋಲಿ
೧೨ ಜುಲೈ ೨೦೨೫

ಪ್ರೀತಿಯ ಮಗಳು ಅಪರ್ಣಾಳಿಗೆ ಅಪ್ಪನ ಆಶೀರ್ವಾದಗಳು.

ಈ ಮನೆ ಬಿಟ್ಟು ಖಾರಘರಕ್ಕೆ ಹೋದ ನೀನು ಅಲ್ಲಿಂದ ಕಾಗದ ಬರೆದು ಎರಡು ತಿಂಗಳಾಯಿತು. ಕೇಳಿದ್ದು ಒಂದೇ ಪ್ರಶ್ನೆ: "ಅಪ್ಪಾ, ಕಿಟಕಿಯ ಗ್ರಿಲ್ಲಿನ ಕಿರುಬಾಗಿಲಿಗೆ ಬೀಗ ಹಾಕದೆ ಆಫೀಸಿಗೆ ಹೋದವಳು ನಾನು. ನನ್ನ ಮಗು ಅಕ್ಷಯಾ ಕೆಳಗೆ ಬಿದ್ದದ್ದು ನನ್ನಿಂದಲೇ ಅಲ್ವಾ?" ಆಮೇಲೆ ನಾನು ಒಂಬತ್ತು ಸಲ ಫೋನ್ ಮಾಡಿ ಮಳೆ, ಲೋಕಲ್ ಟ್ರೇನು, ಅಳಿಯ ಮನೀಶನ ಬೆನ್ನುನೋವು ಎಲ್ಲ ವಿಚಾರಿಸಿದೆ. ಉತ್ತರ ಮಾತ್ರ ಕೊಡಲಿಲ್ಲ. ಠಾಣೆ ಊರಿನ ಹೋಟೆಲಿನಲ್ಲಿ ಮೂವತ್ತು ವರ್ಷ ಗಿರಾಕಿಗಳನ್ನು ಮಾತಿನಲ್ಲೇ ಕೂರಿಸಿದವನು ನಾನು. ಮಾತು ತಪ್ಪಿಸುವುದೂ ಅದೇ ಕಸುಬಿನ ಇನ್ನೊಂದು ಮಗ್ಗುಲು. ಕ್ಷಮಿಸು.

ಮೊದಲು ಇಲ್ಲಿಯ ಸುದ್ದಿ. ನಮ್ಮ ಹೌಸಿಂಗ್ ಸೊಸೈಟಿಯ ಮಕ್ಕಳಿಗೆ ಮತ್ತೆ ತೋಟ ಮಾಡಿಸುತ್ತಿದ್ದೇನೆ. ಮನೆಯಲ್ಲಿ ಅಲ್ಲ, ಕೆಳಗೆ, ಕಾಂಪೌಂಡಿನ ಹಿಂಬದಿ, ಒಂದು ಸ್ಕೂಟರು ನಿಲ್ಲುವಷ್ಟು ಜಾಗದಲ್ಲಿ. ಆ ಬದಿ ಅಲ್ಲ, ಇನ್ನೊಂದು ಬದಿ. ಹೋಟೆಲಿನಿಂದ ತೆಂಗಿನ ಗೆರಟೆ ತರಿಸಿ, ಕಣ್ಣು ಮೂಗು ಬರೆಸಿ, ಮಣ್ಣು ತುಂಬಿಸಿ ಸಾಸಿವೆ ಚೆಲ್ಲಿಸಿದೆ. ಐದನೇ ದಿನಕ್ಕೆ ಹನ್ನೊಂದು ಗೆರಟೆಗಳಿಗೆ ಹಸಿರು ಕೂದಲು. ರಿತೇಶ್ ಕತ್ತರಿ ಹಿಡಿದು ಸಲೂನು ತೆರೆದ. ಹನ್ನೆರಡನೆಯದು, ಸುಶ್ರುತನದು, ಬೋಳು. ಮೊಳೆಯಿತೋ ಇಲ್ಲವೋ ಎಂದು ದಿನಕ್ಕೆ ಆರು ಸಲ ಬೀಜ ಕೆದಕಿ ನೋಡಿದರೆ ಇನ್ನೇನಾಗುತ್ತದೆ?

"ಅಜ್ಜಾ, ಮೇರಾವಾಲಾ ಟಕ್ಲಾ ಹೀ ರಹೇಗಾ ಕ್ಯಾ?" ಎಂದ, ತನ್ನದು ಬೋಳಾಗಿಯೇ ಉಳಿಯುತ್ತದೋ ಎಂಬ ಅಳುಮೋರೆಯಲ್ಲಿ.

"ಮೇರೇ ಜೈಸಾ," ನನ್ನ ಹಾಗೇ, ಎಂದು ನನ್ನ ಬೋಳು ತಲೆ ಸವರಿಕೊಂಡೆ.

ಎಲ್ಲರೂ ನಕ್ಕರು. ನಾನೂ ನಕ್ಕೆ ಮಗಾ. ಅಷ್ಟರಲ್ಲಿ ಮೇಲಿನ ಯಾರದೋ ಗ್ರಿಲ್ಲಿನಿಂದ ಒಂದು ಹನಿ ನೀರು ಕುತ್ತಿಗೆಗೆ ಬಿತ್ತು. ನಾನು ತಲೆ ಎತ್ತಲಿಲ್ಲ. ಎತ್ತದಿದ್ದರೆ, ಅಕ್ಷಯಾಳೇ ಗಿಡಕ್ಕೆ ನೀರು ಹಾಕುತ್ತಿದ್ದಾಳೆ ಎಂಬುದು ಇನ್ನೊಂದು ಗಳಿಗೆ ನಿಜವಾಗಿರುತ್ತದೆ.

ಕಸ ಗುಡಿಸುವ ಚಂದವ್ವ, ವಿಜಯಪುರದ ಕಡೆಯವಳು, ರಿತೇಶನ ಅಜ್ಜಿ. ಪೊರಕೆ ನಿಲ್ಲಿಸಿ ಕೇಳಿದಳು: "ಅಲ್ರೀ ಅಣ್ಣಾರ, ಕನ್ನಡದವರಾಗಿ ಹುಡುಗ್ರ ಕೂಡ ಬರೇ ಹಿಂದಿ ಹೊಡೀತೀರಲ್ರೀ! ನಮ್ಮ ಹುಡುಗಗ ನಾಕ್ ಕನ್ನಡ ಮಾತರ ಕಲಸ್ರಿ. ನಾಲಗಿಗೇನ್ ಬಾಡಿಗಿ ಕೊಡಬೇಕೇನ್?"

"ಆಗಲಿ" ಅಂದೆ. ಕಲಿಸಿಲ್ಲ. ಮಕ್ಕಳೊಡನೆ ಕನ್ನಡ ಆಡಲು ನನಗೆ ಬಾಯಿ ಬರುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಮನೀಶನೊಡನೆ ಜಗಳವಾದರೂ ಆಡು, ಮೌನ ಬೇಡ. ದೇವರು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಪ್ಪ,
ಮುರಾರಿ

ತಾ.ಕ.: ನಿನ್ನ ಪ್ರಶ್ನೆಗೆ ಉತ್ತರ. ಬೀಗ ಹಾಕಿರಲಿಲ್ಲ, ನಿಜ. ಆದರೆ ಅವಳು ಬಿದ್ದದ್ದು ಅದರಿಂದಲ್ಲ. ನಾನು ಸ್ನಾನದಲ್ಲಿದ್ದೆ ಎಂದು ಪೊಲೀಸರಿಗೂ ನಿನಗೂ ಹೇಳಿದ್ದು ಸುಳ್ಳು. ನಾನು ಕೋಣೆಯ ಬಾಗಿಲಲ್ಲೇ ಇದ್ದೆ. ಚೆಂಡುಹೂವಿನ ಸಸಿ ಇದ್ದ ಮೊಸರಿನ ಡಬ್ಬಿ ಕಿರುಬಾಗಿಲಿನಿಂದ ಹೊರಕ್ಕೆ ಜಾರುತ್ತಿತ್ತು. ಅರ್ಧ ಮೈ ಆಚೆ ಚಾಚಿ ಒಂದು ಕೈಯಲ್ಲಿ ಅದನ್ನು ಹಿಡಿದಿದ್ದಳು, ಇನ್ನೊಂದು ಕೈ ಸರಳಿನ ಮೇಲೆ ಗಟ್ಟಿಯಾಗಿತ್ತು. ಡಬ್ಬಿ ಹಾಳಾಗಿ ಹೋಗಲಿ ಎಂದು ನಾನು "ಬಿಡು, ಬಿಡು!" ಎಂದು ಕೂಗಿದೆ. ಅವಳಿಗೆ ಬರುತ್ತಿದ್ದ ಕನ್ನಡ ಎಷ್ಟು, ನಿನಗೆ ಗೊತ್ತು. ಆ ಕಿಟಕಿಯ ಕಟ್ಟೆಗೆ ಎತ್ತಿ ನಿಲ್ಲಿಸುವಾಗ ಸರಳಿನ ಮೇಲೆ ಕೈ ಇಡಿಸಿ "ಹಿಡಿ" ಎನ್ನುತ್ತಿದ್ದೆ, ಇಳಿಸಿಕೊಳ್ಳುವಾಗ "ಬಿಡು". ಅವಳ ಪಾಲಿಗೆ ಆ ಮಾತಿಗೆ ಅದೊಂದೇ ಅರ್ಥ. ನನ್ನ ಮುಖ ನೋಡಿದಳು. ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಸರಳು ಬಿಟ್ಟಳು.

ಹೇಳಿದ ಮಾತು ಕೇಳಿದಳು, ಮಗಾ.