ಎಡಗೈಯ ಕೈಗವಸು

ಹತ್ತೊಂಬತ್ತನೇ ತಾರೀಖು, ಬುಧವಾರ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಹೋದ ತಿಂಗಳು ಆರನೇ ತಾರೀಖು, ಸೋಮವಾರ, ನಮ್ಮ ವರ್ತಕರ ಸಂಘದ ನಮೂನೆ ಕೋಣೆಯನ್ನು ನಿನ್ನ ಅಪ್ಪಣೆಯ ಮೇಲೆ ಖಾಲಿ ಮಾಡಿಸಿದರು. ತಪ್ಪು ನಡೆದದ್ದು ಅಂದು. ಅದನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಕ್ಷೇಮಸಮಾಚಾರ ಆಮೇಲೆ.

ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದ್ದ ಹಾಗೇ ಇದೆ. ನಿನ್ನ ಹೆಂಡತಿ ಎರಡು ಸಲ ಹೇಳಿಕಳಿಸಿದರೂ ಮನೆಗೆ ಬರಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಎರಡು ಬೀದಿ ಆಚೆಗಿರುವ ತಮ್ಮನಿಗೆ ಕಾಗದವೇ ಎಂದು ಅವಳು ನಗಬಹುದು. ಎದುರಿಗೆ ಕೂತರೆ ನೀನು ಮಧ್ಯೆ ಬಾಯಿ ಹಾಕುತ್ತೀಯ. ಕಾಗದವಾದರೆ ಪೂರ್ತಿ ಓದಲೇಬೇಕು. ಮೂರು ಸಲ ಬರೆದು ಹರಿದು ಹಾಕಿದೆ, ಅದಕ್ಕೇ ತಡ.

ನೀನು ಅಧ್ಯಕ್ಷನಾಗಿ ಇನ್ನೂ ವರ್ಷ ತುಂಬಿಲ್ಲ. ನಾನು ಮೂವತ್ತೊಂದು ವರ್ಷ ಅಲ್ಲಿ ದುಭಾಷಿಯಾಗಿದ್ದವಳು. ಪರದೇಶದಲ್ಲಿ ನಮ್ಮವರ ಸಂಘ ಗಟ್ಟಿಯಾಗಬೇಕು, ಎರಡು ದೇಶಗಳ ವ್ಯಾಪಾರದ ನಂಟು ಬೆಳೆಯಬೇಕು ಎಂದು ನೀನು ಭಾಷಣ ಮಾಡಿದಾಗ ಮೊದಲು ಚಪ್ಪಾಳೆ ತಟ್ಟಿದವಳೂ ನಾನೇ. ಆದರೆ ಸಂಘದ ಬಲವಿದ್ದದ್ದು ಆ ಇಕ್ಕಟ್ಟಾದ ಕೋಣೆಯಲ್ಲಿ ಕಣೋ. ನಮ್ಮ ದೇಶದಿಂದ ಯಾರೇ ಸರಕು ಕಳಿಸಲಿ, ಮೊದಲು ಒಂದು ನಮೂನೆ ತಂದು, ಕೊಳ್ಳುವವನ ಎದುರಿಗೇ ಅರಗಿನ ಮೊಹರು ಹಾಕಿಸಿ ನಮ್ಮಲ್ಲಿಡಬೇಕು. ಜಗಳ ಬಂದರೆ ಇಬ್ಬರನ್ನೂ ಕೂರಿಸಿ ಮೊಹರು ಒಡೆಯುವುದು. ಜೋಡಿಯ ಸಾಮಾನಾದರೆ ಎಡದ್ದು ನಮ್ಮ ಹತ್ತಿರ, ಬಲದ್ದು ಮಾರುವವನ ಹತ್ತಿರ.

ನೀನಿನ್ನೂ ಕಾಲೇಜಿನಲ್ಲಿದ್ದಾಗಿನ ಮಾತು. ಬಾಗಿಲಿನ ಕೀಲು ಕಳಿಸಿದ ನಮ್ಮವನೊಬ್ಬ ನಮೂನೆಗಿಂತ ತೆಳುವಾದದ್ದನ್ನು ತುಂಬಿದ್ದ. ಅಂದಿನ ಅಧ್ಯಕ್ಷರು ಮೊಹರು ಒಡೆದು ನೋಡಿ, "ತಪ್ಪು ನಮ್ಮವನದೇ" ಎಂದು ಈ ಊರಿನ ವ್ಯಾಪಾರಿಯ ಮುಂದೆಯೇ ಹೇಳಿದರು. ನಮ್ಮವರೇ ಅವರನ್ನು ಮನೆಮುರುಕ ಎಂದು ಬೈದರು. ಆದರೆ ಆಮೇಲೆ ಇಲ್ಲಿಯ ವ್ಯಾಪಾರಿಗಳು ನಮ್ಮ ಮೊಹರು ನೋಡಿದರೆ ಬೇರೆ ಮಾತು ಕೇಳುತ್ತಿರಲಿಲ್ಲ. ನಂಟು ಬೆಳೆದದ್ದು ಹಾಗೆ. ಹಾರ ಹಾಕಿ, ಫೋಟೊ ತೆಗೆಸಿಕೊಂಡು ಅಲ್ಲ.

ಅಂಥ ಕೋಣೆಯನ್ನು ನೀನು ನಮ್ಮ ದೇಶದಿಂದ ಬಂದ ವ್ಯಾಪಾರ ನಿಯೋಗದವರ ಸ್ವಾಗತಕ್ಕೆಂದು ತೆರವು ಮಾಡಿಸಿದೆ. ಸಂಘದ ವ್ಯವಸ್ಥಾಪಕ ಮೊಹರು ನೋಡಿ ಹೊಸ ಸಾಮಾನೆಂದುಕೊಂಡ. ಒಂದೊಂದನ್ನೂ ಬಟ್ಟೆಯ ಚೀಲಕ್ಕೆ ಹಾಕಿ ಅತಿಥಿಗಳಿಗೆ ಉಡುಗೊರೆ ಕೊಟ್ಟುಬಿಟ್ಟ! ಕಪಾಟಿಗೇ ದಾರದಿಂದ ಕಟ್ಟಿದ್ದ ದಾಖಲೆ ಪುಸ್ತಕ ಕಪಾಟಿನ ಸಮೇತ ಗುಜರಿಗೆ ಹೋಯಿತು. ಮಾರನೇ ದಿನ ನೀನೇ ಫೋನ್ ಮಾಡಿ ಬಿದ್ದು ಬಿದ್ದು ನಕ್ಕೆ. "ಅಕ್ಕಾ, ಒಬ್ಬ ದೊಡ್ಡ ಮನುಷ್ಯರಿಗೆ ಎಡಗೈದು ಒಂದೇ ಕೈಗವಸು ಸಿಕ್ಕಿದೆ ಕಣೇ. ಮೊಹರು ಕಿತ್ತು ನೋಡಿ, ಇನ್ನೊಂದು ಎಲ್ರಿ ಅಂತ ಚೀಲ ಎಲ್ಲಾ ತಡಕಾಡಿದ್ರು!" ನನಗೂ ನಗು ಬಂತು, ಸುಳ್ಳೇಕೆ ಹೇಳಲಿ. ಆಮೇಲೆ ಆ ಕೈಗವಸು ಯಾರದೆಂದು ನೆನಪಾಯಿತು.

ಅದು ಕೈಗವಸಿನಕ್ಕನದು. ನಮ್ಮ ದೇಶದಲ್ಲಿ ನಲವತ್ತು ಜನ ಹೆಂಗಸರನ್ನು ಕಟ್ಟಿಕೊಂಡು ಕೆಲಸಕ್ಕೆ ಹಾಕಿಕೊಳ್ಳುವ ಕೈಗವಸು ಹೊಲಿಸುವವಳು. ಅವಳ ಸರಕು ಮೂರು ವಾರದಿಂದ ಇಲ್ಲಿಯ ಬಂದರಿನ ಗೋದಾಮಿನಲ್ಲಿದೆ, ಅದಕ್ಕೆಂದೇ ಅವಳೂ ಇಲ್ಲಿಗೆ ಬಂದಿದ್ದಾಳೆ. ಅಂಗೈಗೆ ಒಳಪದರ ಇರಬೇಕಿತ್ತು ಎನ್ನುತ್ತಾನೆ ಕೊಂಡವನು. ಒಪ್ಪಿದ್ದೇ ಒಂಟಿ ಪದರಕ್ಕೆ ಎನ್ನುತ್ತಾಳೆ ಇವಳು. ಆ ಮನುಷ್ಯ ಕೆಟ್ಟವನಲ್ಲ. ಯಾವುದೋ ಇನ್ನೊಂದು ಕರಾರಿನ ಜೊತೆ ಕಲಸಿಕೊಂಡಿದ್ದಾನೆ, ಅಷ್ಟೇ. "ಮೊಹರು ಹಾಕಿರೋದನ್ನ ತೆಗೆದು ತೋರಿಸಿ, ಈಗಲೇ ಸರಕು ಎತ್ತಿಸ್ತೀನಿ" ಎಂದ. ಅವಳು ತನ್ನ ಬಲಗೈಯದನ್ನು ಮುಂದಿಟ್ಟಳು. "ಅದನ್ನ ನೀವು ನಿನ್ನೆ ಹೊಲಿದಿರಬಹುದಲ್ಲಮ್ಮಾ" ಎಂದ. ಅವನ ಮಾತಿನಲ್ಲಿ ನ್ಯಾಯವಿದೆ.

ಅವಳು ನನ್ನ ಮನೆಗೆ ಬಂದು ಕಾಫಿಯನ್ನೂ ಮುಟ್ಟದೆ ಕೂತಳು. "ಸರಕು ವಾಪಸು ಬಂದ್ರೆ ನಮ್ಮ ಹುಡುಗೀರಿಗೆ ಏನು ಹೇಳ್ಲಿ? ನಾನೇ ಮೋಸ ಮಾಡ್ದೆ ಅಂತಾರೆ" ಎಂದಳು. ನಾನೇ ಅರಗು ಕಾಯಿಸಿದ್ದೆ, ಒಂಟಿ ಪದರವೆಂದು ಎರಡೂ ಭಾಷೆಯಲ್ಲಿ ಹೇಳಿದ್ದೆ, ಬಂದು ಸಾಕ್ಷಿ ನುಡಿಯುತ್ತೇನೆ ಎಂದು ಮಾತು ಕೊಟ್ಟೆ. ಸಂಘ ನನ್ನನ್ನು ಕರೆಯಲೇ ಇಲ್ಲ.

ಹೋಗಲಿ. ಎಲ್ಲರಿಂದಲೂ ಎಡವಟ್ಟಾಗುತ್ತದೆ. ನಿನಗೂ ಮಕ್ಕಳಿಗೂ ಒಳ್ಳೆಯದಾಗಲಿ. ಹೊತ್ತುಹೊತ್ತಿಗೆ ಊಟ ಮಾಡು, ಸಭೆ ಸಭೆ ಎಂದು ಆರೋಗ್ಯ ಕೆಡಿಸಿಕೊಳ್ಳಬೇಡ.

ಇತಿ,
ನಿನ್ನ ಅಕ್ಕ

ಮರೆಯದೆ ಓದು: ಹೋದ ಶುಕ್ರವಾರದ ಸಮಿತಿ ಸಭೆಯ ನಡಾವಳಿಯನ್ನು ಸಂಘದ ಬೆರಳಚ್ಚುಗಾರ್ತಿ ನನಗೆ ತೋರಿಸಿದಳು, ಅಳುತ್ತಲೇ. ಕೈಗವಸಿನಕ್ಕ ನನ್ನ ಹೆಸರು ಎತ್ತಿದಾಗ ನೀನು ಎದ್ದು ಹೇಳಿದೆಯಂತೆ: "ಅಂಥ ನಮೂನೆ ಸಂಘಕ್ಕೆ ಬಂದೇ ಇಲ್ಲ. ಬಂದಿತ್ತು ಅನ್ನೋದು ನಮ್ಮಕ್ಕ ಒಬ್ರೇ. ಅವರಿಗೆ ವಯಸ್ಸಾಯ್ತು, ಈಚೆಗೆ ಅರಳುಮರಳು." ಯಾರೋ ನಕ್ಕರಂತೆ. ಅಮ್ಮ ಹೋದ ಮೇಲೆ ನಿನ್ನ ಶಾಲೆಯ ಪಾಠ, ಔಷಧಿಯ ಹೊತ್ತು, ನೀನು ಹುಟ್ಟಿದ ಗಳಿಗೆ, ಎಲ್ಲವನ್ನೂ ನಿನಗಾಗಿ ನೆನಪಿಟ್ಟ ತಲೆ ಇದು. ಕೋಣೆ ಹೋದದ್ದನ್ನು ನುಂಗಿಕೊಂಡೆ. ಇದು ಗಂಟಲಿನಲ್ಲಿ ಇಳಿಯುತ್ತಿಲ್ಲ.

ಬರುವ ಶನಿವಾರ ಸರ್ವಸದಸ್ಯರ ಸಭೆಯಿದೆ. ನಾನು ಬಂದು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಮನೆಗೆ ಬಂದು ಕಾಲು ಹಿಡಿದರೆ ಬಾಗಿಲು ತೆಗೆಯುವುದಿಲ್ಲ. ಸದಸ್ಯರ ಎದುರಿಗೆ, ಕೈಗವಸಿನಕ್ಕನ ಎದುರಿಗೆ, ಆ ವ್ಯಾಪಾರಿಯ ಎದುರಿಗೆ ಎದ್ದು ನಿಂತು ಉತ್ತರ ಕೊಡು. ಆ ನಮೂನೆ ಬಂದಿತ್ತೋ, ಇಲ್ಲವೋ?