ಎರಡೇ ಬೆರಳು

ಭಾನುವಾರ, ಮಧ್ಯಾಹ್ನ

ಮುಖ ಊದಿಸಿಕೊಂಡು ಕೂತಿರುವ ನನ್ನ ಗುಬ್ಬಿಗೆ,

ಅಮ್ಮನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಎಂಬುದನ್ನು ನಿನ್ನ ಚಿಕ್ಕಮ್ಮನಿಂದ ತಿಳಿದುಕೊಳ್ಳುವ ಗತಿ ನನಗೆ ಬಂದಿದೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವನ್ನು ಹರಿದು ಹಾಕಬೇಕಾದರೂ ಮೊದಲು ಲಕೋಟೆ ಒಡೆಯಬೇಕು, ಒಡೆದ ಮೇಲೆ ಓದದೆ ಬಿಡುವ ಹುಡುಗಿ ನೀನಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯ ಪುಟ ತಿರುಗಿಸಿ ಹುಡುಕಬೇಡ. ನಿನ್ನ ಸಿನಿಮಾಗೆ ನಾನು ಕೊಟ್ಟದ್ದು ಎರಡು ಬೆರಳು. ಇವತ್ತಿಗೂ ಎರಡೇ. ನೀವೆಲ್ಲ ಸೇರಿ ಜಪ್ಪಯ್ಯ ಎಂದರೂ ಅದು ಮೂರಾಗುವುದಿಲ್ಲ.

ನಮ್ಮ ಕಟ್ಟಳೆ ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೆ ಮರೆತವಳ ಹಾಗೆ ಆಡುತ್ತಿರುವುದರಿಂದ ನೆನಪಿಸುತ್ತೇನೆ. ಥಿಯೇಟರಿನಿಂದ ಹೊರಗೆ ಬಂದ ಮೇಲೆ ತಿರುವಿನ ದೀಪದ ಕಂಬದವರೆಗೆ ಇಬ್ಬರೂ ತುಟಿ ಬಿಚ್ಚುವಂತಿಲ್ಲ. ಕಂಬದ ಕೆಳಗೆ ನಿಂತು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಮೂರು ಎಣಿಸಿ, ಒಟ್ಟಿಗೇ ಮುಂದಕ್ಕೆ ಚಾಚಬೇಕು. ಐದಕ್ಕೆ ಎಷ್ಟು ಬೆರಳೋ ಸಿನಿಮಾಗೆ ಅಷ್ಟು ಅಂಕ. ಅರ್ಧ ಬೇಕಿದ್ದರೆ ಒಂದು ಬೆರಳನ್ನು ಮಡಿಸಬಹುದು. ಒಮ್ಮೆ ತೋರಿಸಿದ್ದನ್ನು ಇಳಿಸುವಂತಿಲ್ಲ, ಏರಿಸುವಂತಿಲ್ಲ. ಜಗಳವೆಲ್ಲ ಆಮೇಲೆ, ಮನೆ ಮುಟ್ಟುವವರೆಗೆ. ಏರಿಸುವಂತಿಲ್ಲ ಎಂಬ ನಿಯಮವನ್ನು ಮಾಡಿದ್ದು ನೀನೇ. ಯಾವುದೋ ನಾಯಿಮರಿಯ ಸಿನಿಮಾ ಅದು. ನಿನ್ನ ಸಪ್ಪೆ ಮುಖ ನೋಡಲಾರದೆ ನಾನು ಇನ್ನೊಂದು ಬೆರಳು ಬಿಚ್ಚಲು ಹೋದರೆ, ಮೋಸ ಮೋಸ ಎಂದು ನೀನು ದಾರಿಯುದ್ದಕ್ಕೂ ರಂಪ ಮಾಡಿದೆ.

ಕಳೆದ ತಿಂಗಳು ನಿನ್ನ ಸಿನಿಮಾವನ್ನು ಬೇಕಾದವರಿಗೆಲ್ಲ ಮೊದಲು ತೋರಿಸಿದ ಸಂಜೆ, ಮುಗಿದ ಕೂಡಲೇ ನನ್ನನ್ನು ಆ ಕಂಬದ ಹತ್ತಿರ ಎಳೆದುಕೊಂಡು ಹೋದವಳೂ ನೀನೇ. ನಿನ್ನ ನಿರ್ಮಾಪಕರು, ಚಿಕ್ಕಮ್ಮ, ಪತ್ರಿಕೆಯವರು ಇಬ್ಬರು ನಮ್ಮ ಹಿಂದೆಯೇ ಬಂದರು. ನಾನು ಎರಡು ಬೆರಳು ಚಾಚಿದೆ. "ಎರಡೇನಾ ಅಮ್ಮಾ?" ಎಂದು ನೀನು ಕೇಳಿದೆ, ಅಷ್ಟೇ. ಆಮೇಲೆ ಕಾರು ಹತ್ತಿದವಳು ಹಿಂತಿರುಗಿ ನೋಡಲಿಲ್ಲ. ಹೆತ್ತ ತಾಯಿಯೇ ಎರಡಕ್ಕೆ ನಿಲ್ಲಿಸಿದಳು ಎಂದು ಮರುದಿನ ಪತ್ರಿಕೆಯಲ್ಲಿ ಬಂತು. ಅದು ನಿನಗೆ ಎಷ್ಟು ನೋವು ಮಾಡಿತೆಂದು ನನಗೆ ಗೊತ್ತು. ಗೊತ್ತಿದ್ದೇ ಹೇಳುತ್ತಿದ್ದೇನೆ, ಎರಡು.

ಅಮ್ಮ ಐದು ಬೆರಳು ತೋರಿಸುವ ಒಂದು ಚಿಕ್ಕ ವಿಡಿಯೋ ಬರುವವರೆಗೂ ನೀನು ಮನೆಗೆ ಕಾಲಿಡುವುದಿಲ್ಲವಂತೆ. ಚಿಕ್ಕಮ್ಮ ಬಂದು ಹೇಳಿದಳು. ಅವಳೇ ಉಪಾಯವನ್ನೂ ಹುಡುಕಿಕೊಂಡು ಬಂದಿದ್ದಳು. ಅವತ್ತು ಗಂಟುನೋವಿನಿಂದ ಉಳಿದ ಬೆರಳು ಬಿಚ್ಚಲಾಗಲಿಲ್ಲ ಎಂದು ನಾನು ಹೇಳಿಬಿಡಬೇಕಂತೆ. ನನ್ನ ಐದು ಬೆರಳೂ ನೆಟ್ಟಗಿವೆ ಎಂದು ತೋರಿಸಿ, ಅದೇ ಕೈಯಲ್ಲಿ ಅವಳಿಗೆ ಟೀ ಕೊಟ್ಟು ಕಳಿಸಿದೆ. ಅದಾದ ಎರಡು ದಿನಕ್ಕೆ ನಿಮ್ಮ ನಿರ್ಮಾಪಕರ ಕಡೆಯವನೊಬ್ಬ ಫೋನು ಹಿಡಿದುಕೊಂಡು ನೇರವಾಗಿ ನಮ್ಮ ಲಾಂಡ್ರಿಗೇ, ನನ್ನ ಕೆಲಸದ ಹೊತ್ತಿನಲ್ಲೇ ಬಂದ. ಏನೂ ಮಾತಾಡಬೇಡಿ, ಸುಮ್ಮನೆ ಒಂದು ಸಲ ಕೈ ಬೀಸಿ ಸಾಕು ಎಂದ. ಜಾಣ. ಕೈ ಬೀಸಿದರೆ ಐದು ಬೆರಳೂ ಬಿಚ್ಚಿಕೊಳ್ಳುತ್ತವಲ್ಲ. ನಾನು ಆಸ್ಪತ್ರೆಯ ಚಾದರದ ಎರಡು ತುದಿ ಹಿಡಿದು ನಿಂತಿದ್ದೆ, ಎದುರಿಗೆ ನನ್ನ ಜೊತೆಗಾತಿ ಇನ್ನೆರಡು ತುದಿ. ಮುಷ್ಟಿ ಸಡಿಲಿಸಲಿಲ್ಲ. ಅವನು ಇದ್ದಷ್ಟು ಹೊತ್ತೂ ಚಾದರ ಮಡಿಸಿದ್ದೇ ಮಡಿಸಿದ್ದು. ಹಬೆಗೆ ಅವನ ಫೋನಿನ ಕಣ್ಣು ಮಂಜಾಗಿ, ಒರೆಸಿಕೊಳ್ಳುತ್ತಾ ಹೊರಟುಹೋದ.

ನೀನು ಬಾರದಿದ್ದರೆ ನಾನು ಸಿನಿಮಾ ನೋಡುವುದು ಬಿಡುತ್ತೇನೆಂದು ತಿಳಿಯಬೇಡ. ಒಬ್ಬಳೇ ಹೋಗುತ್ತಿದ್ದೇನೆ. ಪೊಲೀಸಿನವನ ಹೊಸ ಸಿನಿಮಾಗೆ ಒಂದು ಬೆರಳು. ಅವನು ಗೋದಾಮು ತುಂಬ ಜನರನ್ನು ಹೊಡೆದು ಉರುಳಿಸಿದರೂ ಅಂಗಿಯ ಇಸ್ತ್ರಿ ಎಳ್ಳಷ್ಟೂ ಕೆಡಲಿಲ್ಲ. ಆ ಒಂದು ಬೆರಳು ಅಂಗಿಗೆ, ಅವನಿಗಲ್ಲ. ದೆವ್ವದ ಸಿನಿಮಾಗೆ ಒಂದೂವರೆ. ನನ್ನ ಹಿಂದಿನ ಸೀಟಿನ ಹೆಂಗಸು ಕಿರುಚಿದಾಗ ಬೆಚ್ಚಿಬಿದ್ದೆ, ದೆವ್ವ ಬಂದಾಗ ಅಲ್ಲ. ಇಬ್ಬರು ಮುದುಕರು ಒಂದು ಲಿಫ್ಟಿಗಾಗಿ ಜಗಳವಾಡುವ ಸಿನಿಮಾ ಒಂದಿದೆ, ತಪ್ಪದೆ ನೋಡು. ಕೊನೆಯವರೆಗೂ ರಾಜಿಯಾಗುವುದಿಲ್ಲ ಅವರು. ನಾಲ್ಕು ಬೆರಳು ತೋರಿಸಿದೆ, ಜಗಳಕ್ಕೆ ಪಕ್ಕದಲ್ಲಿ ಯಾರೂ ಇಲ್ಲವೆಂದು ಆಮೇಲೆ ಗೊತ್ತಾಯಿತು. ಆಗ ಮಾತ್ರ ನಿನ್ನ ಮೇಲೆ ಸಿಟ್ಟು ಬಂತು.

ಈಗ ನಿನ್ನ ಸಿನಿಮಾಗೆ ಬರೋಣ. ಕೊಟ್ಟ ಎರಡರಲ್ಲಿ ಒಂದು ಬೆರಳು ಆ ಪುಟ್ಟ ಹುಡುಗಿಗೆ. ಬಾಗಿಲ ಸಂದಿನಿಂದ ಅವಳು ಇಣುಕುವ ರೀತಿ ನೋಡಿ ನನ್ನ ಕರುಳು ಚುರುಕ್ ಎಂದಿತು. ಇನ್ನೊಂದು ನೀನು ಅಡುಗೆಮನೆಯ ಬೆಳಕನ್ನು ಹಿಡಿದ ಬಗೆಗೆ. ಉಳಿದ ಮೂರನ್ನು ಆ ತಾಯಿ ನುಂಗಿಹಾಕಿದಳು. ಗಂಡ ಬಿಟ್ಟುಹೋದ ಸಂಜೆ ದೀಪವನ್ನೂ ಹಾಕದೆ ಕಿಟಕಿಯ ಪಕ್ಕ ಕೂತು ಅಳುತ್ತಾಳೆ. ಆಮೇಲೆ ಇಡೀ ಸಿನಿಮಾದಲ್ಲಿ ಒಂದು ಸಲವೂ ನಗುವುದಿಲ್ಲ. ಕೂದಲು ನರೆತ ಮೇಲೆ ಆ ಮಹಾರಾಯ ವಾಪಸು ಬಂದಾಗ ತುಟಿ ಪಿಟಕ್ಕೆನ್ನದೆ ಬಾಗಿಲು ತೆಗೆದು ಟೀ ಬಸಿದುಕೊಡುತ್ತಾಳೆ. ಥಿಯೇಟರಿನಲ್ಲಿ ಕಣ್ಣೀರ ಕೋಡಿ ಹರಿಯಿತು. ಚಿಕ್ಕಮ್ಮನ ಕರವಸ್ತ್ರವನ್ನು ನಮ್ಮ ಲಾಂಡ್ರಿಗೇ ತರಬೇಕಾಗಿತ್ತು. ನಾನು ಮಾತ್ರ ಕಲ್ಲಿನ ಹಾಗೆ ಕೂತಿದ್ದೆ.

ಅದು ಬರೀ ಕಥೆ, ಆ ತಾಯಿ ನೀನಲ್ಲ ಎಂದು ಚಿಕ್ಕಮ್ಮನ ಕೈಲಿ ಹೇಳಿಸಿದ್ದೀಯ. ಕಥೆಯಾದರೆ ಹಿಡಿ ಮುರಿದ ನನ್ನ ಹಸಿರು ಬೀರು ಅಲ್ಲೇಕೆ ಬಂತು? ಕನ್ನಡಕಕ್ಕೆ ದಾರ ಕಟ್ಟಿಕೊಳ್ಳುವ ನನ್ನ ಅಭ್ಯಾಸ ಅವಳಿಗೇಕೆ? ನನ್ನ ಬೀರು, ನನ್ನ ಕನ್ನಡಕ, ನನ್ನ ನಡಿಗೆ ಎಲ್ಲವನ್ನೂ ತೆಗೆದುಕೊಂಡೆ, ನಗುವನ್ನು ಮಾತ್ರ ಬಿಟ್ಟೆ. ಇಪ್ಪತ್ತು ವರ್ಷ ನನ್ನ ಪಕ್ಕದ ಸೀಟಿನಲ್ಲಿ ಕೂತು ಸಿನಿಮಾ ನೋಡಿದವಳು ನೀನು. ನಾನು ನಗುವುದು ನಿನಗೆ ಒಂದು ಸಲವೂ ಕೇಳಿಸಲಿಲ್ಲವೇ?

ಸಿನಿಮಾದ ಕೊನೆಯಲ್ಲಿ ನೆನಪುಗಳನ್ನು ಹಂಚಿಕೊಂಡ ಅಪ್ಪನಿಗೆ ಧನ್ಯವಾದ ಎಂದು ಬಂತು. ಅದನ್ನು ಓದಿದ ಮೇಲೆ ಎಲ್ಲ ಅರ್ಥವಾಯಿತು. ನೀನು ಅವರನ್ನು ಭೇಟಿಯಾಗುತ್ತಿರುವುದಕ್ಕೆ ನನ್ನ ತಕರಾರಿಲ್ಲ. ಆದರೆ ಅವರು ಹೇಳಿದ್ದು ಅವರ ಕಥೆ. ನನ್ನದನ್ನು ಈಗ ಕೇಳು.

ನಿನ್ನ ಅಪ್ಪ ನನ್ನನ್ನು ಬಿಟ್ಟು ಹೋಗಲಿಲ್ಲ, ನಾನು ಕಳಿಸಿದೆ. ಹೊಡೆಯುವವರಲ್ಲ, ಕುಡಿಯುವವರಲ್ಲ. ಎಲ್ಲವನ್ನೂ ತಾವೇ ತೀರ್ಮಾನಿಸಿ ಆಮೇಲೆ ತಿಳಿಸುವವರು. ಒಂದು ಬೆಳಿಗ್ಗೆ ಕೆಲಸಕ್ಕೆ ಹೋದರೆ ನನ್ನ ಇಸ್ತ್ರಿ ಮೇಜಿನ ಮುಂದೆ ಬೇರೆ ಹೆಂಗಸು ನಿಂತಿದ್ದಳು. ನನ್ನ ಏಪ್ರನ್ನನ್ನೇ ಕಟ್ಟಿಕೊಂಡಿದ್ದಳು. ಹಿಂದಿನ ದಿನವೇ ನಿಮ್ಮ ಯಜಮಾನರು ಬಂದು, ನೀವು ಕೆಲಸ ಬಿಡುತ್ತಿದ್ದೀರೆಂದು ಹೇಳಿ ಹೋದರಲ್ಲ ಎಂದರು ಲಾಂಡ್ರಿಯ ಮಾಲೀಕರು. ನಾನು ಅಳಲಿಲ್ಲ. ಅಲ್ಲೇ ನಿಂತು ವಾದಿಸಿ, ಮರುದಿನದಿಂದ ನನ್ನ ಮೇಜು ನನಗೇ ಎಂದು ಒಪ್ಪಿಸಿಕೊಂಡು ಮನೆಗೆ ಬಂದೆ. ಅವರ ಅಂಗಿಗಳನ್ನೆಲ್ಲ ಗರಿಗರಿಯಾಗಿ ಇಸ್ತ್ರಿ ಮಾಡಿ, ಪೆಟ್ಟಿಗೆಗೆ ತುಂಬಿ, ಬಾಗಿಲ ಬಳಿ ಇಟ್ಟೆ. ಸಂಜೆ ಬಂದವರು ಪೆಟ್ಟಿಗೆ ನೋಡಿದರು, ನನ್ನ ಮುಖ ನೋಡಿದರು. ಹೊರಡುವಾಗ ಒಂದೇ ಮಾತು ಕೇಳಿದರು. "ಮಗೂಗೆ ನಾನೇ ಬಿಟ್ಟುಹೋದೆ ಅಂತ ಹೇಳು. ಅಷ್ಟಾದರೂ ನನಗಿರಲಿ."

ಆಗಲಿ ಎಂದೆ. ಕೊಟ್ಟ ಮಾತನ್ನು ಈವರೆಗೂ ಉಳಿಸಿಕೊಂಡೆ. ನೀನು ಕೇಳಿದಾಗಲೆಲ್ಲ ಅಪ್ಪ ಹೋದರು ಎಂದಷ್ಟೇ ಹೇಳಿದೆ. ಆ ಮಾತನ್ನು ಅವರು ತಮ್ಮ ಮರ್ಯಾದೆಗಷ್ಟೇ ಇಟ್ಟುಕೊಂಡಿದ್ದರೆ ನಾನು ಸಾಯುವವರೆಗೂ ಬಾಯಿ ಬಿಡುತ್ತಿರಲಿಲ್ಲ. ಆದರೆ ಅದಕ್ಕೆ ನನ್ನ ಕಣ್ಣೀರನ್ನೂ ಸೇರಿಸಿ ನಿನಗೆ ಒಪ್ಪಿಸಿದ್ದಾರೆ. ಅಳದ ಅಳುವನ್ನು ಊರಿಗೆಲ್ಲ ತೋರಿಸುವುದಕ್ಕೆ ನಾನು ಮಾತು ಕೊಟ್ಟಿರಲಿಲ್ಲ.

ಸಿನಿಮಾ ಬದಲಿಸು ಎಂದು ನಾನು ಹೇಳುವುದಿಲ್ಲ. ಜನ ನೋಡಲಿ, ಅಳಲಿ, ನಿನಗೆ ಹೆಸರು ಬರಲಿ. ನಿನ್ನ ಸಿನಿಮಾ ನಿನ್ನದು, ನನ್ನ ಬೆರಳು ನನ್ನದು. ನೀನು ಮನೆಗೆ ಬರದಿದ್ದರೆ ನನಗೆ ಸಂಕಟವಾಗುತ್ತದೆ, ದಿನಾ ಆಗುತ್ತಿದೆ. ಆ ಸಂಕಟಕ್ಕೆ ಹೆದರಿ ಮೂರನೇ ಬೆರಳು ಬಿಚ್ಚುವವಳಾಗಿದ್ದರೆ ನಾನು ಅವತ್ತೇ ಆ ಪೆಟ್ಟಿಗೆಯನ್ನು ವಾಪಸು ಒಳಗಿಡುತ್ತಿದ್ದೆ.

ಇನ್ನೊಂದು ಮಾತು ಬಾಕಿ ಇದೆ. ಕಂಬದ ಕೆಳಗೆ ನಿಯಮ ಮುರಿದವಳು ನಾನಲ್ಲ, ನೀನು. ಇಬ್ಬರೂ ಒಟ್ಟಿಗೆ ತೋರಿಸಬೇಕಿತ್ತು. ನನ್ನ ಕೈ ಮುಂದೆ ಬಂತು, ನಿನ್ನದು ಬೆನ್ನ ಹಿಂದೆಯೇ ಉಳಿಯಿತು, ಅಲ್ಲಿಂದ ಜೇಬಿಗೆ ಹೋಯಿತು. ಕಾರು ಹತ್ತುವಾಗಲೂ ನೀನು ಆ ಕೈಯನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ. ಬಿಡುಗಡೆಯ ದಿನ ನಾನು ಲಾಂಡ್ರಿಗೆ ರಜೆ ಹಾಕಿ, ನನ್ನ ದುಡ್ಡಿನಲ್ಲೇ ಟಿಕೆಟ್ ತೆಗೆದುಕೊಂಡು ಬರುತ್ತೇನೆ. ಮುಗಿದ ಮೇಲೆ ಕಂಬದ ಹತ್ತಿರ ನಿಂತಿರುತ್ತೇನೆ. ಬಂದು ನಿನ್ನ ಬೆರಳು ತೋರಿಸು. ಐದಾದರೆ ಮನೆ ಮುಟ್ಟುವವರೆಗೂ ಜಗಳವಾಡೋಣ. ಎರಡಾದರೆ ಸುಮ್ಮನೆ ಜೊತೆಗೆ ನಡೆ, ನಾನು ಏನೂ ಕೇಳುವುದಿಲ್ಲ.

ಹಟದಲ್ಲಿ ನಿನಗಿಂತ ಒಂದು ಕೈ ಮೇಲಿರುವ,
ನಿನ್ನ ಅಮ್ಮ

ಮರೆತ ಮಾತು: ಕಿಟಕಿಯ ಪಕ್ಕ ಅಳುತ್ತಿರಲಿಲ್ಲವಾದರೆ ಆ ಸಂಜೆ ಎಲ್ಲಿದ್ದೆ ಎಂದು ನೀನು ಕೇಳಿಯೇ ಕೇಳುತ್ತೀಯ. ಸಿನಿಮಾ ಥಿಯೇಟರಿನಲ್ಲಿದ್ದೆ. ನೀನೂ ಇದ್ದೆ, ಆದರೆ ಇಂಟರ್ವಲ್‌ಗೆ ಮೊದಲೇ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದೆ. ಎಂಥ ಕೆಟ್ಟ ಸಿನಿಮಾ ಎಂದರೆ, ನಾಯಕನ ಅಂಟಿಸಿದ ಮೀಸೆ ಹಾಡಿನ ನಡುವೆ ಅರ್ಧ ಕಳಚಿಕೊಂಡರೂ ಯಾರಿಗೂ ಗೊತ್ತಾಗಿರಲಿಲ್ಲ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ, ಮುಂದಿನ ಸಾಲಿನವರು ತಿರುಗಿ ನೋಡುವಷ್ಟು. ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು ಬರುವಾಗ, ಆ ಕಂಬದ ಕೆಳಗೆ ನಿಂತು, ಬಿಡುವಾಗಿದ್ದ ಕೈಯನ್ನು ಎತ್ತಿ, ಎದುರಿಗೆ ಯಾರೂ ಇಲ್ಲದಿದ್ದರೂ ಐದು ಬೆರಳು ತೋರಿಸಿದೆ. ನಮ್ಮ ಆಟ ಶುರುವಾದದ್ದು ಅಲ್ಲಿಂದ. ನಿಜ ಹೇಳಬೇಕೆಂದರೆ ಆ ಸಿನಿಮಾ ಅರ್ಧ ಬೆರಳಿಗೂ ಲಾಯಕ್ಕಾಗಿರಲಿಲ್ಲ. ನಾನು ಸುಳ್ಳು ಅಂಕ ಕೊಟ್ಟದ್ದು ಅದೊಂದೇ ಸಲ, ಅದನ್ನೂ ಇಳಿಸುವುದಿಲ್ಲ.