ಹಲ್ಲನ್ನು ಮರಳಿಸಿ ಬಾ

ಎಪೇಲಿ,

ಮರಗೆಣಸು ಬೇಯಿಸಿಟ್ಟಿದ್ದೇನೆ. ಕೆಸುವಿನ ಸೊಪ್ಪಿಗೆ ತೆಂಗಿನ ಹಾಲು ಹಾಕಿದೆ, ಮಧ್ಯಾಹ್ನವೇ ಉಣ್ಣು, ಸಂಜೆಗೆ ಹಳಸುತ್ತದೆ. ಹಂದಿಗೆ ನೀರಿಡು.

ನಿನ್ನೆ ನಾನು ನಿನ್ನ ಅಕ್ಕನನ್ನು ಸುವಾ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದಿದ್ದಾಗ ಅವಳ ಗಂಡನ ಕಡೆಯವರು ಕ್ಷಮೆ ಕೇಳಲು ತಿಮಿಂಗಿಲದ ಹಲ್ಲು ತಂದರು. ನೀನು ಕೈಯೊಡ್ಡಿ ತೆಗೆದುಕೊಂಡೆ. ತೆಗೆದುಕೊಂಡರೆ ಕ್ಷಮಿಸಿದಂತೆ, ಹುಡುಗಿ ಗಂಡನ ಮನೆಗೆ ಹೊರಡಬೇಕು. ಪದ್ಧತಿ ನನಗೂ ಗೊತ್ತು ಮಗನೇ. "ಹಿರಿಯರು ಮಂಡಿಯೂರಿ ಕೂತಿದ್ರಮ್ಮಾ, ಹೆಂಗೆ ಬೇಡ ಅನ್ಲಿ?" ಅಂದೆ. ನಿನ್ನ ಅಕ್ಕನೂ ಗಂಡ ಇನೋಕೆಯ ಮುಂದೆ ಮಂಡಿಯೂರಿದ್ದಳು. ಅವನು ಬಿಟ್ಟನೇ?

ಬೆಳಿಗ್ಗೆ ನಿನ್ನ ಅಕ್ಕ ಲೋಸಲಿನಿ ಊದಿದ ಬಾಯಲ್ಲೇ ನಕ್ಕಳು. "ನನ್ನವು ಎರಡು ಉದುರಿದ್ವು, ಅವ್ರು ತಂದಿದ್ದು ಒಂದೇನಾ?" ಎಂದಳು. ನನಗೆ ನಗು ಬರಲಿಲ್ಲ.

ಅವರು ತಂದ ಹಲ್ಲು ಅಪ್ಪನ ಪೆಟ್ಟಿಗೆಯ ಮೇಲಿದೆ. ನಾಳೆ ಅವರು ಅವಳನ್ನು ಕರೆದೊಯ್ಯಲು ಬರುವ ಮೊದಲು ನೀನೇ ಹೋಗಿ ಕೊಟ್ಟು ಬಾ. ಸಂಬಂಧ ಕೆಡುತ್ತದೆ ಅನ್ನಬೇಡ, ಕೆಡಲಿ. ಅಪ್ಪ ತೀರಿಕೊಂಡ ವರ್ಷ ನಿನ್ನನ್ನು ಬೆನ್ನ ಮೇಲೆ ಹೊತ್ತು ಹೊಳೆ ದಾಟಿಸಿ ಶಾಲೆಗೆ ಬಿಟ್ಟು ಬರುತ್ತಿದ್ದವಳು ಅವಳು. ನಿನ್ನ ಪರವಾಗಿ ಯಾರಿಗೂ ಏನನ್ನೂ ಒಪ್ಪಿಕೊಂಡು ಬಂದವಳಲ್ಲ.

ಕೆಲಸದ ಅಂಗಿ ಇಸ್ತ್ರಿ ಮಾಡಿ ಬಾಗಿಲ ಹಿಂದೆ ತೂಗುಹಾಕಿದ್ದೇನೆ. ತೋಳಿನ ಗುಂಡಿ ಹೊಲಿದಾಯಿತು.

ನಾನೂ ನಿನ್ನ ಅಕ್ಕನೂ ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಬರೆಯುವುದಿಲ್ಲ. ಮೊನ್ನೆಯಾಗಿದ್ದರೆ ನಿನಗೊಬ್ಬನಿಗೇ ಹೇಳಿ ಹೋಗುತ್ತಿದ್ದೆ.

ಅಮ್ಮ